ಈ ಮನೆಯಲ್ಲಿ ಹಾಡಬಾರದ ಹಾಡು

ಇದನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದೆ. ಮೊದಲು ನನ್ನ ಹೆಂಡತಿಗೆ ಹುಷಾರಾಗಲಿ ಅಂದುಕೊಂಡೆ. ಆಮೇಲೆ ಅವಳ ಶಿವಗಣಾರಾಧನೆ ಮುಗಿಯಲಿ ಅಂದುಕೊಂಡೆ. ಅಷ್ಟರಲ್ಲಿ ಕೊಬ್ಬರಿ ರೇಟು ಏರಿತು, ಪುರುಸೊತ್ತಾಗಲಿಲ್ಲ. ರೇಟು ಇಳಿದಾಗ ಮನಸ್ಸಾಗಲಿಲ್ಲ. ಈಗ ಮೇಡಂ ಕೂಡ ಹೋದರು. ಅವರ ನೆನಪಿಗೆ ಒಂದು ಪುಸ್ತಕ ತರುತ್ತಾರಂತೆ. ಬೇಲೂರಿನಿಂದ ಫೋನ್ ಮಾಡಿ, ‘ನಿಮ್ಮ ಮನೆಯವರು ಅವರ ಕೈಯಲ್ಲಿ ಮಾತು ಕಲಿತವರು, ನೀವು ಎರಡು ಪುಟ ಬರೆಯಲೇಬೇಕು’ ಅಂದರು. ನಾನು ಹೈಸ್ಕೂಲಿನವರೆಗೆ ಓದಿದವನು. ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡಿಕೊಂಡು ಬಂದವನು. ಬರೆದು ಅಭ್ಯಾಸವಿರುವುದು ಅಂಗಡಿಯ ಬೋರ್ಡಿನ ಮೇಲೆ ಆ ದಿನದ ರೇಟು ಮಾತ್ರ. ತಪ್ಪಿದ್ದರೆ ತಿದ್ದಿಕೊಳ್ಳಿ.

ಮೇಡಂ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಪುಸ್ತಕದ ತುಂಬ ಅದೇ ಇರುತ್ತದೆ. ಅಲ್ಲದೆ ಕೊನೆಯಲ್ಲಿ ನಾನು ಒಂದು ಹೆಸರು ಬರೆಯಬೇಕಾಗಿದೆ. ಎರಡು ಹೆಸರಿದ್ದರೆ ಓದುವವರು ದೊಡ್ಡವರದ್ದನ್ನೇ ನೆನಪಿಟ್ಟುಕೊಳ್ಳುತ್ತಾರೆ.

ಅವರ ಕೆಲಸ ಸಂಗೀತದಿಂದ ಚಿಕಿತ್ಸೆ ಮಾಡುವುದು, ಜೊತೆಗೆ ಮನಸ್ಸಿಗೆ ತೊಂದರೆಯಾದವರ ಹತ್ತಿರ ಕೂತು ಮಾತಾಡುವುದು. ಹಾಗೆಂದ ಕೂಡಲೇ ನೀವು ಒಳ್ಳೆಯ ಕಂಠದವರನ್ನು ಊಹಿಸಿಕೊಳ್ಳುತ್ತೀರಿ. ನಾನೂ ಊಹಿಸಿಕೊಂಡಿದ್ದೆ. ಅವರ ಕಂಠ ತಗಡಿನ ಡಬ್ಬದೊಳಗೆ ಹುಣಸೆಬೀಜ ಹಾಕಿ ಅಲ್ಲಾಡಿಸಿದ ಹಾಗಿತ್ತು. ಅದು ಅವರಿಗೂ ಗೊತ್ತಿತ್ತು. ‘ನಾನು ಹಾಡಿದ್ರೆ ಪೇಷೆಂಟು ಎದ್ದು ಹೋಗೋಕಾದ್ರೂ ಪ್ರಯತ್ನ ಪಡ್ತಾರೆ, ಅದೂ ಒಂದು ವ್ಯಾಯಾಮವೇ’ ಅನ್ನುತ್ತಿದ್ದರು. ನಗುತ್ತಿರಲಿಲ್ಲ. ಅವರು ತಮಾಷೆ ಮಾಡಿದರೋ ಇಲ್ಲವೋ ಎಂದು ತಿಳಿಯಲು ನನಗೆ ಒಂದು ದಿನ ಬೇಕಾಗುತ್ತಿತ್ತು.

ನನ್ನ ಹೆಂಡತಿಗೆ ಲಕ್ವ ಹೊಡೆದು ಬಲಗೈ ಬಿದ್ದಿತ್ತು, ಮಾತು ಹೋಗಿತ್ತು. ಪೂರ್ತಿ ಹೋಗಿರಲಿಲ್ಲ. ಒಂದು ಪದ ಉಳಿದಿತ್ತು. ‘ಆಯ್ತು.’ ನೀರು ಬೇಕಾ ಅಂದರೆ ಆಯ್ತು. ಬೇಡವಾ ಅಂದರೆ ಆಯ್ತು. ಮದುವೆಯಾದಂದಿನಿಂದ ಅವಳ ಬಾಯಲ್ಲಿ ಕೇಳಬೇಕೆಂದು ನಾನು ಆಸೆಪಟ್ಟಿದ್ದ ಪದ ಅದು. ಕೊನೆಗೆ ಅದೊಂದೇ ಸಿಕ್ಕಿತು. ಹಾಸನದ ಡಾಕ್ಟರು ನೋಡಿ, ‘ಮಾತಿನ ಜಾಗಕ್ಕೆ ಏಟು ಬಿದ್ದಿದೆ, ಹಾಡಿನ ಜಾಗ ಬೇರೆ ಇರುತ್ತೆ, ಇಂಥವರೊಬ್ಬರು ಬೇಲೂರಿನಲ್ಲಿದ್ದಾರೆ, ಮನೆಗೇ ಬರುತ್ತಾರೆ’ ಎಂದು ಮೇಡಂ ನಂಬರು ಕೊಟ್ಟರು.

ಬಂದವರು ಬಾಗಿಲಲ್ಲಿ ನಿಂತು, ಚಪ್ಪಲಿ ಎಲ್ಲಿ ಬಿಡಬೇಕು ಅಂತ ಕೇಳಿದರು. ಮನೆಯವರನ್ನು ಏನೆಂದು ಕರೆಯಬೇಕು ಅಂತ ಕೇಳಿದರು. ಆಮೇಲೆ ಕೇಳಿದ ಪ್ರಶ್ನೆಯನ್ನು ನಾನು ಯಾವ ಡಾಕ್ಟರ ಬಾಯಲ್ಲೂ ಕೇಳಿಲ್ಲ.

‘ಯಜಮಾನ್ರೇ, ಈ ಮನೇಲಿ ಹಾಡಬಾರದ ಹಾಡು ಯಾವುದಾದ್ರೂ ಇದೆಯಾ?’

‘ಅಂದ್ರೆ?’

‘ಕೆಲವು ಮನೇಲಿ ಸಾವಿನ ಹಾಡು ಆಗಲ್ಲ. ಕೆಲವು ಕಡೆ ಮಗು ಹೋಗಿರುತ್ತೆ, ಜೋಗುಳ ಆಗಲ್ಲ. ತಿಳೀದೆ ಹಾಡಿ ನಾನು ಒಂದ್ಸಲ ಒದೆ ತಿನ್ನೋದ್ರಲ್ಲಿದ್ದೆ. ಅದಕ್ಕೆ ಮೊದಲೇ ಕೇಳ್ತೀನಿ.’

‘ಅಂಥದ್ದೇನೂ ಇಲ್ಲ ಮೇಡಂ’ ಅಂದೆ. ಅದು ಅವರಿಗೆ ನಾನು ಹೇಳಿದ ಮೊದಲ ಸುಳ್ಳು. ಕೂಡಲೇ ಇನ್ನೊಂದು ಸೇರಿಸಿದೆ. ‘ಇವಳಿಗೆ ಹಾಡು ಅಂತ ಏನೂ ಬರಲ್ಲ. ನಮ್ಮದು ಮಠದ ಶಿಷ್ಯರ ಮನೆತನ. ವಚನ ಹೇಳಿಕೊಡಿ.’

ಅವರು ವಾದ ಮಾಡಲಿಲ್ಲ. ವಚನವನ್ನೇ ಹಿಡಿದರು. ಹೆಂಡತಿ ಭಕ್ತಿಯಿಂದ ಕೇಳಿ, ಮುಗಿದ ಮೇಲೆ ‘ಆಯ್ತು’ ಅನ್ನುತ್ತಿದ್ದಳು. ಹೀಗೆ ಕೆಲವು ವಾರ ಹೋದವು.

ಮೇಡಂ ಸ್ಕೂಟರು ಕೆಟ್ಟಾಗ ನಾನು ಕಾರಿನಲ್ಲಿ ಬಿಟ್ಟುಬರುತ್ತಿದ್ದೆ. ಹಳೇಬೀಡಿನ ಪಕ್ಕ ಬಸ್ತಿಹಳ್ಳಿಯಲ್ಲಿ ಅವರಿಗೆ ಒಬ್ಬ ರೋಗಿ ಇದ್ದರು, ಜೈನರ ಪೈಕಿ, ವಯಸ್ಸಾದ ಮೇಷ್ಟ್ರು. ‘ಬೇಗ ಓಡಿಸಿ ಯಜಮಾನ್ರೇ, ಅವರು ಹೊತ್ತು ಮುಳುಗೋಕೆ ಮುಂಚೆ ಊಟ ಮುಗಿಸಬೇಕು. ನಾನು ತಡವಾಗಿ ಹೋದ್ರೆ ಒಂದು ಹಾಡಿಗೋಸ್ಕರ ಅವರು ಉಪವಾಸ’ ಅನ್ನುತ್ತಿದ್ದರು. ಇನ್ನೊಂದು ಸಲ ಅರೇಹಳ್ಳಿಗೆ ಹೋಗಿದ್ದೆವು. ಕಾಫಿ ತೋಟದಲ್ಲಿ ಕೆಲಸ ಮಾಡುವ ಒಂದು ಮುಸ್ಲಿಂ ಕುಟುಂಬ. ಆ ಮನೆಯ ಅಜ್ಜಿ ಬಾಗಿಲಲ್ಲೇ, ‘ಬಾಜಾ ಗೀಜಾ ನಮ್ಮನೇಲಿ ಆಗಲ್ಲಮ್ಮ’ ಅಂದರು. ಮೇಡಂ ‘ಸರಿ ಅಜ್ಜಿ’ ಎಂದು ಹೆಗಲ ಮೇಲಿದ್ದ ವಾದ್ಯದ ಚೀಲವನ್ನು ತಂದು ನನ್ನ ತೊಡೆಯ ಮೇಲಿಟ್ಟು ಬರಿಗೈಲಿ ಒಳಗೆ ಹೋದರು. ಕಿಟಕಿಯಿಂದ ನೋಡಿದೆ. ಮಾತು ಬಾರದ ಮೊಮ್ಮಗಳನ್ನು ಅಜ್ಜಿಯ ತೊಡೆಯ ಮೇಲೆ ಕೂರಿಸಿ, ಅಜ್ಜಿ ಮಗು ತೂಗುವ ಲಯಕ್ಕೆ ತಾವೂ ಪಕ್ಕದಲ್ಲಿ ಕೂತು ತೂಗುತ್ತಿದ್ದರು. ಅಷ್ಟೇ. ಬಹಳ ಹೊತ್ತು ತೂಗಿದರು. ಹೊರಗೆ ಬಂದು, ‘ಇವತ್ತು ಒಂದು ‘ಬಾ’ ಬಂತು’ ಅಂದರು.

ನನಗೆ ತಡೆಯಲಾಗಲಿಲ್ಲ. ‘ಮೇಡಂ, ತಾವು ಯಾವ ಜನ?’ ಅಂತ ಕೇಳಿಬಿಟ್ಟೆ.

‘ಬೇಲೂರಿನ ಜನ’ ಅಂದರು.

ಆ ಊರಿನಲ್ಲಿ ಎಲ್ಲಾ ಜನವೂ ಇದ್ದಾರೆ.

ಈಗ ನಮ್ಮ ಕಸುಬಿನ ಒಂದು ವಿಷಯ ಹೇಳಬೇಕು. ಕೊಬ್ಬರಿಗೆಂದು ಕಿತ್ತ ತೆಂಗಿನಕಾಯನ್ನು ನಾವು ಕೂಡಲೇ ಒಡೆಯುವುದಿಲ್ಲ. ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಕರಟದಿಂದ ಬಿಟ್ಟುಕೊಂಡು ಉಂಡೆಯಾಗಿ ಉರುಳಾಡುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗೊಟಗೊಟ ಅನ್ನಬೇಕು. ಆಮೇಲೆ ಗಂಡಾಳುಗಳು ಮಟ್ಟೆ ಸುಲಿಯುತ್ತಾರೆ. ಹೆಣ್ಣಾಳುಗಳು ಹಿತ್ತಲಲ್ಲಿ ಕೂತು, ಉಂಡೆ ಒಡೆಯದ ಹಾಗೆ, ಕರಟದ ಸುತ್ತ ಮಚ್ಚಿನಿಂದ ಟೊಕ್ ಟೊಕ್ ಎಂದು ತಟ್ಟಿ ಬಿಡಿಸುತ್ತಾರೆ.

ಆ ದಿನ ಅಟ್ಟದಿಂದ ಕಾಯಿ ಇಳಿಸಿದ್ದೆವು. ಮೇಡಂ ಒಳಗೆ ವಚನ ಶುರು ಮಾಡುವುದಕ್ಕೂ ಹಿತ್ತಲಲ್ಲಿ ಕರಟ ತಟ್ಟುವುದು ಶುರುವಾಗುವುದಕ್ಕೂ ಸರಿಹೋಯಿತು. ಹೆಂಡತಿಯ ಎಡಗೈ ಮಂಚದ ಪಟ್ಟಿಯ ಮೇಲೆ ತಟ್ಟತೊಡಗಿತು. ಮೇಡಂ ವಚನ ನಿಲ್ಲಿಸಿದರು. ಎದ್ದುಹೋಗಿ ಒಂದು ಒಣಕಾಯಿ ತಂದು, ಅವಳ ಕೈಯ ಲಯಕ್ಕೆ ಸರಿಯಾಗಿ ಗೊಟಗೊಟ ಆಡಿಸಿದರು. ಆಗ, ‘ಆಯ್ತು’ ಬಿಟ್ಟರೆ ಬೇರೇನೂ ಬಾರದ ನನ್ನ ಹೆಂಡತಿ ಬಾಯಿ ತೆರೆದು ಹಾಡಿದಳು.

‘ಅಟ್ಟದ ಕಾಯಿ ಒಳಗೇ ಒಣಗೈತೆ...’

ಪ್ರತಿ ಅಕ್ಷರವೂ ಸ್ಪಷ್ಟ. ಹಾಡಿ ನಿಲ್ಲಿಸಿ, ಹಿತ್ತಲ ಬಾಗಿಲ ಕಡೆ ನೋಡಿದಳು. ಕಾದಳು. ಮತ್ತೆ ಅದೇ ಸಾಲು ಹಾಡಿದಳು. ಮತ್ತೆ ಬಾಗಿಲು ನೋಡಿದಳು.

ಮೇಡಂ ಏನೋ ಒಂದು ಸಾಲು ಕಟ್ಟಿ ಮುಂದುವರಿಸಿದರು. ಹೆಂಡತಿ ಮುಖ ಸಿಂಡರಿಸಿ ‘ಆಯ್ತು’ ಅಂದಳು. ಆಗಲಿಲ್ಲ ಎಂದು ಅದರ ಅರ್ಥ.

‘ಇದು ಒಬ್ಬರ ಹಾಡಲ್ಲ’ ಅಂದರು ಮೇಡಂ. ‘ಒಬ್ಬರು ಎತ್ತಿಕೊಡ್ತಾರೆ, ಇನ್ನೊಬ್ಬರು ಸೊಲ್ಲು ಹಿಡೀತಾರೆ. ಇವರು ಎತ್ತಿಕೊಟ್ಟು ಕಾಯ್ತಾ ಇದಾರೆ. ಸೊಲ್ಲು ಯಾರದ್ದು ಯಜಮಾನ್ರೇ?’

‘ನನಗೇನು ಗೊತ್ತು ಮೇಡಂ.’

ಅವರು ನನ್ನ ಮುಖ ನೋಡಲಿಲ್ಲ. ನನ್ನ ಪಾದ ನೋಡಿದರು. ‘ಇವರು ನಿಲ್ಲಿಸಿದ ಮೇಲೂ ನಿಮ್ಮ ಹೆಬ್ಬೆರಳು ತಾಳ ಹಾಕ್ತಾ ಇತ್ತು. ಸೊಲ್ಲು ಮುಗಿಯೋ ಕಡೆ ಸರಿಯಾಗಿ ನಿಂತಿತು. ಇರಲಿ. ಹೇಳಬೇಕು ಅನ್ನಿಸಿದಾಗ ಹೇಳಿ. ಇವರಿಗೆ ಅಷ್ಟು ಟೈಮ್ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ.’

ಅವತ್ತು ಹಳೇಬೀಡಿಗೆ ಬಿಡಲು ಹೋಗುವಾಗ ಹೇಳಿದೆ.

ನಮ್ಮ ಹಿತ್ತಲಲ್ಲಿ ಕರಟ ತಟ್ಟಲು ಕೆಳಗಿನ ಕೇರಿಯಿಂದ ಒಬ್ಬಳು ಬರುತ್ತಿದ್ದಳು. ನನ್ನ ಹೆಂಡತಿಗಿಂತ ಒಂದೆರಡು ವರ್ಷ ದೊಡ್ಡವಳು. ಹೆಂಡತಿ ಮನೆಕೆಲಸ ಮುಗಿಸಿ ಹಿತ್ತಲ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದಳು. ‘ನೀವು ಎತ್ತಿಕೊಡಿ ಅವ್ವಾ, ನಾನು ಹಿಡಿತೀನಿ’ ಅನ್ನುತ್ತಿದ್ದಳು ಅವಳು. ಇವಳು ‘ಅಟ್ಟದ ಕಾಯಿ ಒಳಗೇ ಒಣಗೈತೆ’ ಅಂದರೆ ಅವಳು ಮಚ್ಚಿನ ತಾಳಕ್ಕೆ ‘ತಟ್ಟಿ ನೋಡೆ ತಂಗಿ, ತಟ್ಟಿ ನೋಡೆ’ ಎಂದು ಸೊಲ್ಲು ಕೊಡುತ್ತಿದ್ದಳು. ಕೆಲಸದಲ್ಲಿ ಅವ್ವಾ, ಹಾಡಿನಲ್ಲಿ ತಂಗಿ. ಕೆಲಸವೂ ಬೇಗ ಸಾಗುತ್ತಿತ್ತು. ನನಗೇನೂ ತೊಂದರೆಯಿರಲಿಲ್ಲ.

ಒಂದು ದಿನ ನಮ್ಮ ಮನೆಯಲ್ಲಿ ಸ್ವಾಮಿಗಳ ಪಾದಪೂಜೆ. ಬಂಧುಗಳೆಲ್ಲ ಬಂದಿದ್ದರು. ಹಿತ್ತಲ ಕಡೆ ಕೈ ತೊಳೆಯಲು ಹೋದ ದೊಡ್ಡಪ್ಪನ ಮಗ ಈ ಹಾಡು ಕೇಳಿಸಿಕೊಂಡು ಬಂದು, ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಅಂದ:

‘ಏನ್ಲಾ, ನಿನ್ನೆಂಡ್ರು ಹಿತ್ಲಲ್ಲಿ ಒಬ್ಬಳು ಅಕ್ಕನ್ನ ಮಾಡ್ಕಂಡವ್ಳೆ! ಹಂಗಾರೆ ಅವಳು ನಿಂಗೆ ಅತ್ತಿಗೆ ಆದ್ಲು ಕಣ್ಲಾ. ಕರಿಯೋ ಪಂಕ್ತಿಗೆ, ಒಂದೆಲೆ ಹಾಕ್ಸು!’

ಎಲ್ಲರೂ ನಕ್ಕರು. ನಾನು ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಕೈ ತೊಳೆಯಲು ಎದ್ದೆ.

ಮಾರನೆಯ ದಿನ ಅವಳು ಕೆಲಸಕ್ಕೆ ಬಂದಾಗ ತಡೆದೆ. ನನ್ನ ಹೆಂಡತಿಯ ಜೊತೆ ಹಾಡಿದೆ, ಅದಕ್ಕೆ ಬರಬೇಡ ಅನ್ನಬಹುದಿತ್ತು. ಹಾಗಂದರೆ ಜನ ಇನ್ನೂ ನಗುತ್ತಾರೆ ಅನ್ನಿಸಿತು. ಅದಕ್ಕೆ ಎಲ್ಲಾ ಆಳುಗಳ ಮುಂದೆ, ‘ನೆನ್ನೆ ಮಡಿಲಲ್ಲಿ ಕೊಬ್ಬರಿ ಕಟ್ಕೊಂಡು ಹೋದೆ. ನಾನೇ ಕಣ್ಣಾರೆ ನೋಡಿದೀನಿ’ ಅಂದೆ.

ಅವಳು ಸೆರಗು ಬಿಚ್ಚಿ ಕೊಡವಿದಳು. ‘ಎಲೆ ಅಡ್ಕೆ ಬಿಟ್ರೆ ಏನೈತೆ ನೋಡ್ರಿ ಸಾವ್ಕಾರ್ರೆ.’

‘ಇವತ್ತಿಂದಲ್ಲ. ನೆನ್ನೇದು.’

ನೆನ್ನೆಯ ಮಡಿಲನ್ನು ಇವತ್ತು ಬಿಚ್ಚಿ ತೋರಿಸಲು ಯಾರಿಗೂ ಆಗುವುದಿಲ್ಲ. ಅದಕ್ಕೇ ನೆನ್ನೆ ಅಂದೆ.

ನಮ್ಮ ಮಂಡಿ ಸಾಲಿನಲ್ಲಿ ಒಂದು ಪದ್ಧತಿಯಿದೆ. ಒಬ್ಬರ ಹಿತ್ತಲಲ್ಲಿ ಕೈ ಶುದ್ಧವಿಲ್ಲ ಅನ್ನಿಸಿಕೊಂಡ ಆಳನ್ನು ಇನ್ನೊಬ್ಬರು ಸೇರಿಸುವುದಿಲ್ಲ. ಯಾಕೆ ಎಂದು ಯಾರೂ ಕೇಳುವುದಿಲ್ಲ. ಅವಳು ಎಲ್ಲಾ ಹಿತ್ತಲ ಬಾಗಿಲಿಗೂ ಹೋಗಿ ಬಂದು, ಕೊನೆಗೆ ಹಾರನಹಳ್ಳಿಯಲ್ಲಿದ್ದ ಮಗಳ ಮನೆ ಸೇರಿ ಹೊಲದ ಕೆಲಸಕ್ಕೆ ಹೋದಳೆಂದು ಕೇಳಿದೆ. ನನ್ನ ಹೆಂಡತಿ ಒಂದೇ ಸಲ ಕೇಳಿದಳು. ‘ನೀವು ನಿಜವಾಗ್ಲೂ ನೋಡಿದ್ರಾ?’ ನೋಡಿದೆ ಅಂದೆ. ಅವಳು ಮತ್ತೆ ಹಾಡಲಿಲ್ಲ. ಮನೆ ನಿಶ್ಶಬ್ದವಾಯಿತು. ಮನೆಗೆ ಒಂದು ಶಿಸ್ತು ಬಂತು ಎಂದು ನಾನು ತಿಳಿದಿದ್ದೆ.

ಇಷ್ಟನ್ನೂ ಕೇಳಿ ಮೇಡಂ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ‘ಇದನ್ನ ನನ್ನ ಹತ್ರ ಯಾಕೆ ಹೇಳ್ತೀರಿ ಯಜಮಾನ್ರೇ? ಸೊಲ್ಲು ನನ್ನದಲ್ಲವಲ್ಲ. ಮುಂದಿನ ವಾರ ಹಾರನಹಳ್ಳಿಗೆ ಹೋಗೋಣ’ ಅಂದರು.

ಹೋದೆವು. ನಾನು ಕಾರಿನಲ್ಲೇ ಕೂತಿದ್ದೆ. ಎಸಿ ಕೆಟ್ಟಿತ್ತು, ಆದರೂ ಗಾಜು ಇಳಿಸಲಿಲ್ಲ. ಮೇಡಂ ಹೋದವರು ಬಹಳ ಹೊತ್ತಿನ ಮೇಲೆ ಬಂದರು.

‘ಬರ್ತಾರಂತೆ. ಆದರೆ ಒಂದು ಮಾತು ಕೇಳಿದ್ರು. ಕದ್ದೋಳು ಅಂದಿದ್ರಲ್ಲ ಸಾವ್ಕಾರ್ರು, ಕದ್ದೋಳನ್ನ ಒಳಕ್ಕೆ ಹೆಂಗೆ ಕರೀತಾರೆ ಅಂತ.’

‘ನೀವೇನಂದ್ರಿ?’

‘ಅದಕ್ಕೆ ಉತ್ತರ ನನ್ನ ಹತ್ರ ಇಲ್ಲ, ಅವರ ಹತ್ರ ಇದೆ ಅಂದೆ.’

ಅವಳು ಬಂದಳು. ಕೂದಲು ಬೆಳ್ಳಗಾಗಿತ್ತು. ಮುಂಬಾಗಿಲ ಹತ್ತಿರ ನಿಂತು ‘ಹಿಂದ್ಗಡೆಯಿಂದ ಬರ್ಲಾ?’ ಅಂದಳು. ನಾನು ಉತ್ತರ ಯೋಚಿಸುವಷ್ಟರಲ್ಲಿ ಮೇಡಂ ಅವಳ ಕೈ ಹಿಡಿದು ಒಳಗೆ ಕರೆತಂದಿದ್ದರು. ಅವಳು ನೆಲದ ಮೇಲೆ ಕೂತಳು. ಮಂಚದ ಮೇಲಿದ್ದ ನನ್ನ ಹೆಂಡತಿ ಕೆಳಗಿಳಿಯಲು ಒದ್ದಾಡಿದಳು. ಇಬ್ಬರೂ ಸೇರಿ ಇಳಿಸಿದರು.

‘ನಾನು ಕದ್ದಿಲ್ಲ ಅವ್ವಾ’ ಅಂದಳು ಅವಳು. ಮೊದಲ ಮಾತೇ ಅದು.

ಹೆಂಡತಿ ಎಡಗೈಯಲ್ಲಿ ಅವಳ ಕೈ ಹಿಡಿದು ‘ಆಯ್ತು, ಆಯ್ತು, ಆಯ್ತು’ ಅಂದಳು. ಆಮೇಲೆ ಇಬ್ಬರೂ ತಿರುಗಿ ನನ್ನನ್ನು ನೋಡಿದರು. ಮೇಡಂ ನೋಡಲಿಲ್ಲ, ಗೋಡೆಯ ಕ್ಯಾಲೆಂಡರು ನೋಡುತ್ತಿದ್ದರು. ನಾನು ಮಾತಾಡಲೇಬೇಕಾಗಿದ್ದ ಹೊತ್ತು. ನಾನು ಮಾತಾಡಿದೆ.

‘ಕಾಫಿ ಕುಡೀತೀರಾ?’ ಅಂದೆ.

ಅಡುಗೆಮನೆಗೆ ಹೋಗಿ ನಾನೇ ಮಾಡಿದೆ. ತರುವಾಗ ಮೇಡಂಗೆ ಬೆಳ್ಳಿ ಲೋಟ, ಹೆಂಡತಿಗೆ ಅವಳ ಸ್ಟೀಲ್ ಲೋಟ. ಮೂರನೆಯದು ಹಿತ್ತಲ ಗೂಡಿನಲ್ಲಿ ಆಳುಗಳಿಗೆಂದು ಬೇರೆ ಇಡುತ್ತಿದ್ದ ಗಾಜಿನ ಲೋಟ. ಬೇಕೆಂದು ಮಾಡಲಿಲ್ಲ. ಕೈಯೇ ಅಲ್ಲಿಗೆ ಹೋಯಿತು. ಬೇಕೆಂದು ಮಾಡಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ. ಮೇಡಂ ತಟ್ಟೆ ನೋಡಿದರು. ಬೆಳ್ಳಿ ಲೋಟ ಎತ್ತಿ ಅವಳ ಕೈಗೆ ಕೊಟ್ಟರು. ಗಾಜಿನ ಲೋಟ ತಾವು ತೆಗೆದುಕೊಂಡು ಒಂದು ಗುಟುಕು ಕುಡಿದು, ‘ಸಕ್ಕರೆ ಸರಿಯಾಗಿದೆ’ ಅಂದರು.

ಆಮೇಲೆ ನನ್ನ ಹೆಂಡತಿ ‘ಅಟ್ಟದ ಕಾಯಿ ಒಳಗೇ ಒಣಗೈತೆ’ ಅಂದಳು. ಆ ಕಡೆಯಿಂದ ಸೊಲ್ಲು ಬಂತು. ನಾನು ಅಂಗಡಿಗೆ ಹೋದೆ.

ಅವಳು ವಾರವಾರ ಬಸ್ಸು ಹತ್ತಿ ಬಂದಳು. ಮೇಡಂ ಹಾಡಿನ ಸಾಲು ಬಿಚ್ಚಿ ಒಂದೊಂದೇ ಪದ ಬದಲಾಯಿಸಿ ಕೊಡುತ್ತಿದ್ದರು. ಅಟ್ಟದ ಕಾಯಿ ಹೋಗಿ ಒಲೆಯ ಹಾಲು ಬಂತು, ಹಾಲು ಹೋಗಿ ಬಾವಿಯ ನೀರು ಬಂತು. ಒಂದು ದಿನ ಹೆಂಡತಿ ಅದೇ ಧಾಟಿಯಲ್ಲಿ ನನ್ನ ಕಡೆ ನೋಡಿ, ‘ಸಾರಿಗೆ ಉಪ್ಪು ಜಾಸ್ತಿ ಆಗೈತೆ’ ಎಂದು ಹಾಡಿದಳು. ಗುಣವಾಗುತ್ತಿದ್ದಾಳೆ ಎಂದು ಖಾತ್ರಿಯಾಯಿತು. ನಿಧಾನಕ್ಕೆ ಧಾಟಿಯಿಲ್ಲದೆಯೂ ಬಿಡಿಬಿಡಿ ಪದ ಬಂದವು. ನೀರು. ಬಾಗಿಲು. ಸೊಪ್ಪು. ಆಮೇಲೆ ಒಂದು ಪದ ಬಂತು, ‘ಹೇಳಿ.’ ಅವಳು ಬಸ್ಸಿಗೆ ಹೊರಟು ನಿಂತಾಗಲೆಲ್ಲ ಹೆಂಡತಿ ನನ್ನ ಕಡೆ ತಿರುಗಿ ‘ಹೇಳಿ’ ಅನ್ನುತ್ತಿದ್ದಳು.

‘ಏನ್ ಹೇಳ್ಲಿ?’ ಎಂದು ನಾನು ಪಂಚೆ ಸರಿಮಾಡಿಕೊಂಡು ಹೊರಗೆ ಹೋಗುತ್ತಿದ್ದೆ. ಏನು ಹೇಳಬೇಕೆಂದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಒಮ್ಮೆ ಮೇಡಂ ಹತ್ತಿರ, ‘ನೀವು ನನ್ನನ್ನ ಯಾಕೆ ಬೈಲಿಲ್ಲ?’ ಅಂತ ಕೇಳಿದೆ. ‘ಬೈದಿದ್ರೆ ಲೆಕ್ಕ ತೀರಿತು ಅಂತ ನಿಮಗೆ ಆರಾಮಾಗಿಬಿಡ್ತಿತ್ತು’ ಅಂದರು. ಇದು ತಮಾಷೆಯಲ್ಲ ಎಂದು ನನಗೆ ಆಗಲೇ ತಿಳಿಯಿತು. ಆ ಒಂದು ಸಲ ಮಾತ್ರ.

ಹೆಂಡತಿಗೆ ಎರಡನೆಯ ಸಲ ಲಕ್ವ ಹೊಡೆಯಿತು. ಅದರಲ್ಲಿ ಉಳಿಯಲಿಲ್ಲ. ಮಣ್ಣು ಮಾಡುವ ದಿನ ಅವಳು ಹಾರನಹಳ್ಳಿಯಿಂದ ಬಂದು, ಗುಂಪಿನ ಹಿಂದೆ ನಿಂತಿದ್ದು, ಯಾರಿಗೂ ಹೇಳದೆ ಹೋದಳು. ಆಗಲೂ ನಾನು ಹೇಳಬಹುದಿತ್ತು. ಸಾವಿನ ಮನೆಯಲ್ಲಿ ಬೇಡ ಅನ್ನಿಸಿತು.

ಈಗ ಮೇಡಂ ಸಂತಾಪ ಸಭೆಯ ವಿಷಯ. ಬೇಲೂರಿನ ಶಾಲೆಯ ಹಾಲಿನಲ್ಲಿ ಇಟ್ಟುಕೊಂಡಿದ್ದರು. ಬಸ್ತಿಹಳ್ಳಿಯ ಮೇಷ್ಟ್ರು ಬಂದಿದ್ದರು. ಅರೇಹಳ್ಳಿಯ ಅಜ್ಜಿ ಬಂದಿದ್ದರು, ಮೊಮ್ಮಗಳು ಈಗ ಅವರನ್ನೇ ಸುಮ್ಮನಿರಿಸುವಷ್ಟು ಮಾತಾಡುತ್ತಾಳೆ. ನನ್ನನ್ನು ವೇದಿಕೆಯ ಮೇಲೆ ಕೂರಿಸಿದ್ದರು. ‘ಬಹಳ ಒಳ್ಳೆಯವರು. ಜಾತಿ ಮತ ನೋಡುತ್ತಿರಲಿಲ್ಲ. ನಮ್ಮ ಮನೆಗೆ ದೇವರ ಹಾಗೆ ಬಂದರು’ ಎಂದು ಹೇಳಿ ಕೂತೆ. ಚಪ್ಪಾಳೆ ಹೊಡೆದರು.

ಆಮೇಲೆ ನಿರೂಪಣೆ ಮಾಡುತ್ತಿದ್ದವರು, ಕೊನೆಯ ಸಾಲಿನಲ್ಲಿದ್ದ ಹಾರನಹಳ್ಳಿಯವಳನ್ನು ಎರಡು ಮಾತಾಡಲು ಕರೆದರು. ಅವಳು ವೇದಿಕೆಗೆ ಬರಲಿಲ್ಲ. ಇದ್ದಲ್ಲೇ ಎದ್ದು ನಿಂತಳು.

‘ನಂಗೆ ಮಾತು ಗೀತು ಬರಾಕಿಲ್ಲ ಸ್ವಾಮಿ. ಆವಮ್ಮ ನನ್ನ ಕರ್ಕಂಬಂದಿದ್ದೇ ಸೊಲ್ಲು ಕೊಡಾಕೆ. ಅದೊಂದು ಕೊಟ್ಟು ಹೋಯ್ತೀನಿ. ಯಾರಾರ ಎತ್ತಿಕೊಡಿ.’

ಹಾಲಿನಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಎತ್ತಿಕೊಡುವ ಸಾಲು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ಇಬ್ಬರು ಸತ್ತಿದ್ದರು. ಮೂರನೆಯವನು ವೇದಿಕೆಯ ಮೇಲೆ, ಹೆಗಲಿಗೆ ಶಾಲು ಹಾಕಿಸಿಕೊಂಡು ಕೂತಿದ್ದ. ಅವಳು ನನ್ನನ್ನೇ ನೋಡಿದಳು. ಕಾದಳು, ನನ್ನ ಹೆಂಡತಿ ಬಾಗಿಲು ನೋಡುತ್ತ ಕಾದ ಹಾಗೆ. ನನ್ನ ಹೆಬ್ಬೆರಳು ತಾಳ ಹಾಕಿತು. ಬಾಯಿ ತೆರೆಯಲಿಲ್ಲ. ‘ಸರಿ, ಪರವಾಗಿಲ್ಲ ಅಜ್ಜಿ, ಕೂತ್ಕೊಳ್ಳಿ’ ಅಂದರು ನಿರೂಪಕರು. ಅವಳು ಕೂತಳು. ಮುಂದಿನ ಭಾಷಣ ಶುರುವಾಯಿತು.

ಅದಕ್ಕೇ ಈ ಪುಟಗಳನ್ನು ಬರೆದಿದ್ದೇನೆ. ಸಂಪಾದಕರು ಇದನ್ನು ಕತ್ತರಿಸಬಾರದಾಗಿ ಕೇಳಿಕೊಳ್ಳುತ್ತೇನೆ. ಹಾರನಹಳ್ಳಿಯಲ್ಲಿರುವ ಅವರಿಗೆ ಓದು ಬರುವುದಿಲ್ಲ. ಮೊಮ್ಮಗಳು ಕಾಲೇಜಿಗೆ ಹೋಗುತ್ತಾಳಂತೆ, ಅವಳು ಓದಿ ಹೇಳಬಹುದು. ಇದೂ ಹಿಂಬಾಗಿಲೇ ಎಂದು ನನಗೆ ಗೊತ್ತು. ಹಾರನಹಳ್ಳಿಗೆ ಬಸ್ಸಿದೆ, ಟೆಂಪೋ ಇದೆ, ನನ್ನ ಕಾರೂ ಇದೆ. ಆದರೆ ಕದ್ದಳು ಎಂದು ನಾನು ಹೇಳಿದ್ದು ಒಬ್ಬಳ ಕಿವಿಯಲ್ಲಲ್ಲ, ಹತ್ತು ಜನರ ಮುಂದೆ. ಅಲ್ಲ ಎಂದು ಹೇಳುವುದೂ ಮೊದಲು ಹತ್ತು ಜನರ ಮುಂದೆಯೇ ಆಗಬೇಕು.

ಅವರು ಕೊಬ್ಬರಿ ಕದ್ದಿರಲಿಲ್ಲ. ನಾನು ನೋಡಿರಲಿಲ್ಲ. ಮೇಡಂ ಮೊದಲ ದಿನ ಕೇಳಿದ ಪ್ರಶ್ನೆಗೂ ಇಲ್ಲೇ ಉತ್ತರ ಬರೆಯುತ್ತೇನೆ. ನಮ್ಮ ಮನೆಯಲ್ಲಿ ಹಾಡಬಾರದ ಹಾಡು ಒಂದಿತ್ತು. ಅದು ‘ಅಟ್ಟದ ಕಾಯಿ ಒಳಗೇ ಒಣಗೈತೆ.’ ಈಗ ಎತ್ತಿಕೊಟ್ಟಿದ್ದೇನೆ. ಅದಕ್ಕೆ ಸೊಲ್ಲು ಕೊಡುವುದೂ ಬಿಡುವುದೂ ದ್ಯಾವಮ್ಮನವರಿಗೆ ಬಿಟ್ಟದ್ದು.